ಬುಟ್ಟಿ ತುಂಬ ಮರ್ಯಾದೆ

“ಸಾಲದಲ್ಲಿ ಸಿಕ್ಕಿಬಿದ್ದವನು ದಾರಿ ಕೇಳಲು ಯಾರ ಬಳಿ ಹೋಗಬೇಕು, ಗುರುಗಳೇ? ದಾರಿ ತೋರಿಸುತ್ತೇವೆ ಎನ್ನುವವರು ಬಹಳ ಜನ ಇದ್ದಾರೆ. ಅವರಲ್ಲಿ ಸರಿಯಾದವರು ಯಾರೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಅಡಿವೆಪ್ಪ ಕೇಳಿದ. ಕೇಳುವಾಗ ಅವನು ನೆಲ ನೋಡುತ್ತಿದ್ದ.

ಗುರುಗಳು ಅವನನ್ನು ಕೆದಕಿ ಕೇಳಲಿಲ್ಲ. “ಕೂತುಕೋ. ಒಬ್ಬ ಪಾತ್ರೆ ವ್ಯಾಪಾರಿಯ ಕತೆ ಹೇಳುತ್ತೇನೆ,” ಎಂದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ವ್ಯಾಪಾರವೂ ಕೆಟ್ಟದ್ದಲ್ಲ, ಮನುಷ್ಯನೂ ಕೆಟ್ಟವನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಅವನಿಗೂ ಬರುತ್ತಿತ್ತು. ಆದರೆ ಅವನು ಸದಾ ಬೀಗರ ಹಾಸಿಗೆ ನೋಡಿ ಕಾಲು ಚಾಚಿದ. ಮಗಳ ಮದುವೆಗೆ ಊರಿಗೆಲ್ಲ ಊಟ ಹಾಕಿಸಿದ. ಯಾರ ಮನೆಯ ಮದುವೆಯಲ್ಲೂ ಮುಯ್ಯಿ ಮಾಡುವಾಗ ಕೈ ಬಿಗಿ ಹಿಡಿಯಲಿಲ್ಲ. ಒಬ್ಬನ ಸಾಲ ತೀರಿಸಲು ಇನ್ನೊಬ್ಬನ ಬಳಿ ಸಾಲ ಮಾಡಿದ. ಕೊನೆಗೆ ಸಾಲ ಕೊಟ್ಟವರೆಲ್ಲ ಒಟ್ಟಾಗಿ, ದೀಪಾವಳಿಯೊಳಗೆ ಒಂದು ದಾರಿ ಕಾಣಿಸದಿದ್ದರೆ ಅಂಗಡಿಯನ್ನು ಹರಾಜು ಹಾಕಿಸುತ್ತೇವೆ ಎಂದರು. ಅದು ಅವನ ಅಪ್ಪ ಇಟ್ಟ ಅಂಗಡಿ. ಅದು ಹೋದರೆ ಮನೆಯವರಿಗೆ ಅನ್ನವಿಲ್ಲ.

ಪೇಟೆಯಲ್ಲಿ ಸಾಲ ಬಗೆಹರಿಸಿಕೊಡುವವನೊಬ್ಬ ಇದ್ದ. ವ್ಯಾಪಾರಿ ಮೊದಲು ಅವನ ಬಳಿ ಹೋದ. ಯಾರಿಗೆ ಕೊಡಬೇಕು, ಯಾಕೆ ಸಾಲ ಮಾಡಿದೆ, ಒಂದನ್ನೂ ಅವನು ಕೇಳಲಿಲ್ಲ. “ನನ್ನ ಕಾಣಿಕೆ ಮುಂಗಡ ಕೊಟ್ಟುಬಿಡಿ. ಅರ್ಧ ಸಾಲ ಮನ್ನಾ ಮಾಡಿಸುತ್ತೇನೆ. ನೀವು ಯಾರ ಮುಖವನ್ನೂ ನೋಡಬೇಕಾಗಿಲ್ಲ,” ಎಂದ. ಆ ಕೊನೆಯ ಮಾತು ವ್ಯಾಪಾರಿಗೆ ಅಮೃತವಾಯಿತು. ನಾಚಿಕೆಯಲ್ಲಿರುವವನ ಮೂಗಿಗೆ ತುಪ್ಪ ಸವರುವುದು ಬಹಳ ಸುಲಭ, ಅಡಿವೆಪ್ಪ. ಅವನು ಹೆಂಡತಿಯ ಬಳೆ ಮಾರಿ ಹಣ ಕೊಟ್ಟ. ಬಳೆ ಎಲ್ಲಿ ಎಂದು ಅವಳು ಕೇಳಿದಾಗ ಮೆರುಗಿಗೆ ಕೊಟ್ಟಿದ್ದೇನೆ ಎಂದ. ಹಣ ತೆಗೆದುಕೊಂಡವನು ಮತ್ತೆ ಬಾಗಿಲು ತೆರೆಯಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಸತ್ತ ಗಂಡನ ಸಾಲವನ್ನು ಎಣ್ಣೆ ಗಾಣ ನಡೆಸಿ ಪೂರ್ತಿ ತೀರಿಸಿದವಳು. ಅದಕ್ಕೇ ಸಾಲ ಕೊಡುವವರು ಅವಳ ಮಾತಿಗೆ ಬೆಲೆ ಕೊಡುತ್ತಿದ್ದರು. ಬೇರೆ ದಾರಿ ಕಾಣದೆ ವ್ಯಾಪಾರಿ ಅವಳ ಬಳಿ ಹೋದ. ಅವಳು ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿದಳು. ಯಾರಿಗೆ, ಎಷ್ಟು, ಯಾವುದಕ್ಕೆ. ದೊಡ್ಡ ಸಾಲಗಳನ್ನು ಅವನು ಹೇಗೋ ಹೇಳಿದ. ಕಿರಾಣಿ ಅಂಗಡಿಯ ಬೆಲ್ಲದ ಬಾಕಿಯನ್ನು ಮಾತ್ರ ಅತ್ತಿತ್ತ ನೋಡಿ ಪಿಸುಗುಟ್ಟಿದ.

“ನಾನು ಒಂದು ಕಾಸೂ ಕಡಿಮೆ ಮಾಡಿಸುವುದಿಲ್ಲ,” ಎಂದಳು ಮುದುಕಿ. “ಸಮಯ ಕೊಡಿಸುತ್ತೇನೆ. ಎಲ್ಲರನ್ನೂ ಇಲ್ಲಿಗೇ ಕರೆಸುತ್ತೇನೆ, ನೀನೇ ಕೈ ಮುಗಿದು ಕೇಳಬೇಕು. ನನಗೆ ಏನೂ ಕೊಡಬೇಡ. ಈ ಸಾಲ ತೀರುವ ತನಕ ಹೊಸ ಸಾಲ ಮಾಡಕೂಡದು, ಅಷ್ಟೇ.”

ವ್ಯಾಪಾರಿ ಆಗಲಿ ಎಂದು ಮಾತು ಕೊಟ್ಟ.

ಕರೆಸಿದ ದಿನ ಬಂತು. ವ್ಯಾಪಾರಿ ಮನೆಯಿಂದ ಹೊರಟು ಪೇಟೆ ಬೀದಿಗೆ ಬಂದ. ಅಲ್ಲಿ ಅವನ ಕಾಲು ನಿಂತಿತು. ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಅವನ ಅಪ್ಪ ಹೋದವನಲ್ಲ, ಅಜ್ಜ ಹೋದವನಲ್ಲ. ನೋಡಿದವರು ಏನೆಂದುಕೊಂಡಾರು? ಹಣ್ಣಿನವನ ಹತ್ತಿರ ಒಂದು ಬುಟ್ಟಿ ತುಂಬ ಕಿತ್ತಳೆ, ಬಾಳೆ ಹಾಕಿಸಿಕೊಂಡ. ದುಡ್ಡು ನಾಳೆ ಎಂದ.

ಮುದುಕಿಯ ಜಗಲಿಯಲ್ಲಿ ಸಾಲ ಕೊಟ್ಟವರೆಲ್ಲ ಸೇರಿದ್ದರು. ಅವಳು ಬುಟ್ಟಿ ನೋಡಿದಳು. ಬಂದವರಿಗೆಲ್ಲ ಹಣ್ಣು ಹಂಚಿದಳು. ವ್ಯಾಪಾರಿ ಕೈ ಮುಗಿದು ಸಮಯ ಕೇಳಿದ. ಅವರು ಹಣ್ಣು ಸುಲಿದು ತಿನ್ನುತ್ತ ಕೇಳಿಸಿಕೊಂಡರು. ಪ್ರತಿ ಸಂತೆಗೆ ಇಷ್ಟಿಷ್ಟು ಎಂದು ಮಾತು ಕುದುರಿತು. ಇನ್ನೇನು ಎಲ್ಲರೂ ಏಳಬೇಕು, ಅಷ್ಟರಲ್ಲಿ ಹಣ್ಣಿನವನು ಬಂದ.

“ಇಲ್ಲಿ ಪಾತ್ರೆ ಅಂಗಡಿ ಸಾಹುಕಾರರ ಸಾಲ ಬಗೆಹರಿಯುತ್ತಿದೆಯಂತೆ. ನನ್ನ ಬುಟ್ಟಿಯದನ್ನೂ ಸೇರಿಸಿಬಿಡಿ,” ಎಂದ.

ತಿನ್ನುತ್ತಿದ್ದವರ ಬಾಯಿ ನಿಂತಿತು. ಒಬ್ಬ ಕೈಯಲ್ಲಿದ್ದ ಅರ್ಧ ಬಾಳೆಹಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತ. ಇನ್ನೊಬ್ಬ, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎನ್ನುತ್ತ ಎದ್ದು ಚಪ್ಪಲಿ ಮೆಟ್ಟಿದ. ವ್ಯಾಪಾರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

“ಅದು ಸಾಲವಲ್ಲ ತಾಯಿ, ಮರ್ಯಾದೆ. ನಿಮಗೆಂದು ತಂದದ್ದು,” ಎಂದ.

“ಮಿಕ್ಕ ಸಾಲವೆಲ್ಲ ಯಾವುದಕ್ಕೆ ಮಾಡಿದ್ದು, ತಮ್ಮಾ?” ಎಂದು ಮುದುಕಿ ಕೇಳಿದಳು.

ಉತ್ತರ ಕೊಡಲು ಅವನು ಬಾಯಿ ತೆರೆದ. ಮದುವೆಯ ಊಟ, ಮುಯ್ಯಿ, ಬೀಗರಿಗೆ ಕೊಟ್ಟ ಬೆಳ್ಳಿ ತಟ್ಟೆ, ಎಲ್ಲ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಒಂದೂ ಹೊಟ್ಟೆಪಾಡಿಗೆ ಮಾಡಿದ್ದಲ್ಲ. ಬೆಲ್ಲದ ಬಾಕಿ ನಿಂತದ್ದೂ ಅವುಗಳಿಂದಲೇ. ಅವನು ಅಷ್ಟು ಜನರ ಎದುರು ಅತ್ತುಬಿಟ್ಟ. ಮುದುಕಿ ಸಮಾಧಾನ ಹೇಳಲಿಲ್ಲ, ಅಳು ನಿಲ್ಲುವ ತನಕ ಕಾದಳು. ಅವನು ಕಣ್ಣೊರೆಸಿಕೊಂಡು, ಹೆಗಲ ಮೇಲಿದ್ದ ಜರಿ ಶಾಲನ್ನು ತೆಗೆದು ಹಣ್ಣಿನವನ ಕೈಗಿಟ್ಟ. ಬಳೆ ಮಾರಿದ್ದನ್ನೂ ಮೋಸಹೋದದ್ದನ್ನೂ ಯಾರೂ ಕೇಳದೆಯೇ ಹೇಳಿದ. ಚಪ್ಪಲಿ ಮೆಟ್ಟಿದ್ದವನು ಅದನ್ನು ಕಳಚಿ ಮತ್ತೆ ಬಂದು ಕೂತ.

ಅಂಗಡಿ ಉಳಿಯಿತು. ಸಾಲ ತೀರಲು ಬಹಳ ಕಾಲ ಹಿಡಿಯಿತು. ಪ್ರತಿ ಸಂತೆಯ ದಿನ ಕಂತು ಕಟ್ಟಿ, ಮುದುಕಿಯ ಮನೆಗೆ ಹೋಗಿ ಲೆಕ್ಕ ಒಪ್ಪಿಸಬೇಕಾಗಿತ್ತು. ಒಂದು ಬಾಳೆಹಣ್ಣೂ ಇಲ್ಲದೆ ಕೈ ಬೀಸಿಕೊಂಡು ಆ ಬೀದಿಯಲ್ಲಿ ನಡೆಯುವುದು ಅವನಿಗೆ ಸಾಲ ಕಟ್ಟುವುದಕ್ಕಿಂತ ಕಷ್ಟವಾಗಿತ್ತು. ಆದರೂ ನಡೆದ.

ಗುರುಗಳು ಕತೆ ನಿಲ್ಲಿಸಿದರು.

“ತಿಳಿಯಿತು, ಗುರುಗಳೇ. ಆ ಮುದುಕಿಯಂಥವರನ್ನು ಹುಡುಕಬೇಕು,” ಎಂದ ಅಡಿವೆಪ್ಪ.

“ಅಂಥವಳು ಊರಿಗೊಬ್ಬಳು ಸಿಗುತ್ತಾಳಪ್ಪ, ಅವಳ ಮನೆಗೆ ಬರಿಗೈಯಲ್ಲಿ ಹೋಗುವವನೇ ಸಿಗುವುದಿಲ್ಲ,” ಎಂದರು ಗುರುಗಳು.