ನೀರಗಂಟಿಯಾಗಲು ಬಂದವನ ಪ್ರಶ್ನೆ

"ಬುದ್ಧಿ, ಸಂದರ್ಶನದ ಕೊನೆಯಲ್ಲಿ 'ನೀವೇನಾದರೂ ಕೇಳುವುದಿದೆಯೇ' ಎನ್ನುತ್ತಾರಂತೆ. ಆಗ ಏನು ಕೇಳಿದರೆ ಅವರಿಗೆ ಮೆಚ್ಚುಗೆಯಾದೀತು?"

ಕೇಳಿದವನು ಚೆನ್ನವೀರ. ಮಠದಲ್ಲಿದ್ದು ಓದು ಮುಗಿಸಿ, ಪಟ್ಟಣದ ಒಂದು ಶಾಲೆಯಲ್ಲಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದ್ದ. ಮರುದಿನ ಹೊರಡಬೇಕಿತ್ತು. ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಅವನಲ್ಲಿ ಉತ್ತರವಿತ್ತು. ತಾನು ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಯ ತೂಬಿನ ಬಾಯಲ್ಲೇ ಊರ ಯಜಮಾನನ ಗದ್ದೆ. ಅಲ್ಲಿಂದ ಕಾಲುವೆಗುಂಟ ಹೋದರೆ ಉಳಿದವರ ಗದ್ದೆಗಳು. ತೂಬು ಎತ್ತಿ ಇಳಿಸಿ, ಎಲ್ಲರ ಗದ್ದೆಗೂ ನೀರು ಹಂಚಲು ಒಬ್ಬ ನೀರಗಂಟಿ ಬೇಕು. ಆದರೆ ಆ ಊರಿನಲ್ಲಿ ನೀರಗಂಟಿಗಳು ನಿಲ್ಲುತ್ತಿರಲಿಲ್ಲ. ಒಬ್ಬ ಹೇಳದೆ ಕೇಳದೆ ಹೋದ. ಅವನ ನಂತರ ಬಂದವನು ಜಗಳದಲ್ಲಿ ತೋಳು ಮುರಿಸಿಕೊಂಡು ಹೋದ. ಈಗಿನವರಿಗೆ ಮೈ ಬಗ್ಗುವುದಿಲ್ಲ ಎಂದುಕೊಂಡ ಯಜಮಾನ. ಹೊಸಬ ಬೇಕೆಂದು ಸುತ್ತಲ ಹಳ್ಳಿಗಳಿಗೆ ಹೇಳಿ ಕಳಿಸಿದ.

ಇಬ್ಬರು ಬಂದರು. ಇಬ್ಬರೂ ಕೆಲಸ ಬಲ್ಲವರು. ಯಜಮಾನ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದರು. ಕೊನೆಗೆ ಯಜಮಾನ, "ನಿಮಗೇನಾದರೂ ಕೇಳಬೇಕೆಂದಿದ್ದರೆ ಕೇಳಿ" ಎಂದ. ಅದು ಬಾಯುಪಚಾರದ ಮಾತು. ಕೂಲಿಯ ವಿಷಯವನ್ನೋ ಗುಡಿಸಲಿನ ವಿಷಯವನ್ನೋ ಎತ್ತುತ್ತಾರೆ ಎಂದು ಅವನು ಎಣಿಸಿದ್ದ.

ಮೊದಲನೆಯವನು, "ಇಷ್ಟು ಚಂದದ ಕೆರೆ ಕಟ್ಟಿಸಿದ ಪುಣ್ಯವಂತರು ಯಾರು ಯಜಮಾನರೇ?" ಎಂದ. ಕಟ್ಟಿಸಿದವನು ಯಜಮಾನನ ಮುತ್ತಜ್ಜ. ಆ ಕತೆ ಕೇಳುವವರೇ ಇಲ್ಲದೆ ಎಷ್ಟೋ ಕಾಲವಾಗಿತ್ತು. ಯಜಮಾನ ಮೈಮರೆತು ಹೇಳಿದ. ಇವನೇ ಸರಿ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡ.

ಎರಡನೆಯವನು ಕೇಳಿದ: "ಕೆರೆ ತುಂಬದ ವರ್ಷ ಮೊದಲು ಯಾರ ಗದ್ದೆಯ ನೀರು ನಿಲ್ಲಿಸಬೇಕು?"

"ಅದನ್ನು ನೋಡಿಕೊಳ್ಳುವುದಕ್ಕೇ ಅಲ್ಲವೇನಯ್ಯ ನೀರಗಂಟಿ ಇರುವುದು?"

"ನೀರು ಬಿಡುವುದು, ನಿಲ್ಲಿಸುವುದು ನನ್ನ ಕೆಲಸ. ಯಾರಿಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಊರಿನ ಕೆಲಸ. ಅದು ತೀರ್ಮಾನವಾಗಿದೆಯೇ?"

ಯಜಮಾನ, ಮಳೆ ಚೆನ್ನಾಗಿ ಬರುತ್ತದೆ, ಈಗಲೇ ಅದೆಲ್ಲ ಏಕೆ ಎಂದ. ಆತ ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. "ಹಾಗಾದರೆ ಈ ಕೆಲಸ ನನ್ನಿಂದಾಗದು, ಯಜಮಾನರೇ" ಎಂದು ಕೈಮುಗಿದು, ಟವಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಯಜಮಾನನಿಗೆ ಮೊದಲು ಕೋಪ ಬಂತು. ಕೆಲಸ ಕೇಳಿಕೊಂಡು ಬಂದವನು ತನ್ನನ್ನೇ ಪರೀಕ್ಷೆ ಮಾಡಿ ಹೋದನಲ್ಲ ಎನ್ನಿಸಿತು. ಆದರೆ ಊಟಕ್ಕೆ ಕೂತರೂ ಅದೇ ಪ್ರಶ್ನೆ, ಗದ್ದೆಯ ಬದುವಿನ ಮೇಲೆ ನಿಂತರೂ ಅದೇ ಪ್ರಶ್ನೆ. ಇಷ್ಟು ವರ್ಷ ಯಜಮಾನಿಕೆ ಮಾಡಿದರೂ ಇದು ತನಗೆ ಏಕೆ ಹೊಳೆಯಲಿಲ್ಲ? ಮೊದಲನೆಯವನಿಗೆ ನಾಲ್ಕು ದಿನ ಬಿಟ್ಟು ಬರಲು ಹೇಳಿ, ತೋಳು ಮುರಿದುಕೊಂಡು ಹೋಗಿದ್ದ ಹಳೆಯ ನೀರಗಂಟಿಯನ್ನು ಹುಡುಕಿಕೊಂಡು ಪಕ್ಕದ ಹಳ್ಳಿಗೆ ನಡೆದ.

ಹಳೆಯ ನೀರಗಂಟಿ ಮನೆಯ ಮುಂದೆ ಕುಳಿತಿದ್ದ. ಸೆಟೆದ ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಯಜಮಾನ ವಿಷಯ ಹೇಳಿದ. ಆತ ನಿಧಾನವಾಗಿ ಹೇಳಿದ: "ಕೆರೆ ತುಂಬದ ಆ ವರ್ಷ ನೀವು ನಿಮ್ಮ ಗದ್ದೆಗೆ ಬಿಡು ಎಂದಿರಿ. ಕೊನೆಯ ಗದ್ದೆಯವರು ದೊಣ್ಣೆ ಹಿಡಿದು ಬಂದರು. ಕೆಲಸಕ್ಕೆ ಬಂದ ದಿನ ಈ ಪ್ರಶ್ನೆ ನನ್ನ ಬಾಯಿಗೂ ಬಂದಿತ್ತು ಯಜಮಾನರೇ. ಕೇಳಿದರೆ ಎಲ್ಲಿ ಕೆಲಸ ಕೊಡುವುದಿಲ್ಲವೋ ಎಂದು ನುಂಗಿಕೊಂಡೆ."

ಯಜಮಾನ ಹಿಂದಿರುಗುವಾಗ ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ನಡೆದ.

ಮಾರನೆಯ ಬೆಳಿಗ್ಗೆ ಊರನ್ನೆಲ್ಲ ಕೆರೆಯ ಏರಿಯ ಮೇಲೆ ಸೇರಿಸಿ ಆ ಪ್ರಶ್ನೆಯನ್ನು ಅವರ ಮುಂದಿಟ್ಟ. ಮಾತಿಗೆ ಮಾತು ಬೆಳೆಯಿತು. ಹಳೆಯ ಜಗಳಗಳೆಲ್ಲ ಹೊರಗೆ ಬಂದವು. ಹೊತ್ತು ನೆತ್ತಿಗೇರಿದರೂ ಯಾರೂ ಮನೆಗೆ ಹೋಗಲಿಲ್ಲ. ಆಗ ಕೊನೆಯ ಗದ್ದೆಯ ಮುದುಕಿಯೊಬ್ಬಳು ಎದ್ದು, "ನೀರಿದ್ದಾಗ ಮೊದಲು ಕುಡಿಯುವ ಗದ್ದೆ, ನೀರಿಲ್ಲದಾಗ ಮೊದಲು ತಡೆದುಕೊಳ್ಳಲಿ" ಎಂದಳು. ಎಲ್ಲರೂ ಯಜಮಾನನ ಮುಖ ನೋಡಿದರು. ಅವನು ತನ್ನ ಗದ್ದೆಯ ಕಡೆ ಒಮ್ಮೆ ನೋಡಿ, ಆಗಲಿ ಎಂದ.

ಆಮೇಲೆ ತಾನೇ ಹೋಗಿ ಎರಡನೆಯವನನ್ನು ಕರೆದುಕೊಂಡು ಬಂದ. ಮೊದಲನೆಯವನು ಹೇಳಿದ ದಿನಕ್ಕೆ ಬಂದಾಗ ಊಟ ಹಾಕಿಸಿ, ಸಮಾಧಾನ ಹೇಳಿ ಕಳಿಸಿದ.

ಎಷ್ಟೋ ಕಾಲದ ನಂತರ ಮಳೆ ಕೈಕೊಟ್ಟಿತು. ಕೆರೆ ಅರ್ಧಕ್ಕೂ ತುಂಬಲಿಲ್ಲ. ನೀರಗಂಟಿ ಗುದ್ದಲಿ ಹಿಡಿದು ಬಂದು ಯಜಮಾನನ ಗದ್ದೆಗೆ ನೀರು ಹಾಯುವ ಮಡೆಗೆ ಮಣ್ಣು ಹಾಕಿ ಮುಚ್ಚಿದ. ಯಜಮಾನ ಬದುವಿನ ಮೇಲೆ ನಿಂತು ನೋಡಿದ. ತಡೆಯಲಿಲ್ಲ. ಆ ವರ್ಷ ಊರಿನಲ್ಲಿ ಯಾರೂ ದೊಣ್ಣೆ ಎತ್ತಲಿಲ್ಲ. ಆ ನೀರಗಂಟಿ ಅಲ್ಲಿಯೇ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖ ಅರಳಿತು. ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಸಿಕ್ಕಿತು ಎನ್ನಿಸಿತು ಅವನಿಗೆ.

"ತಿಳಿಯಿತು ಬುದ್ಧಿ. ನನಗಿಂತ ಮೊದಲು ಇದ್ದ ಮೇಷ್ಟರು ಕೆಲಸ ಬಿಟ್ಟದ್ದು ಏಕೆ ಎಂದು ಕೇಳುತ್ತೇನೆ. ಖಂಡಿತ ಮೆಚ್ಚಿಕೊಳ್ಳುತ್ತಾರೆ."

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು:

"ಅವರ ಉತ್ತರ ನಿನಗೆ ಸರಿಬಾರದಿದ್ದರೆ, ಎದ್ದು ಬರುತ್ತೀಯಾ?"