ನಾಯಿ ಹೊಸ್ತಿಲಾಚೆ ಮಲಗಿ ಪಾದ ನೆಕ್ಕುವುದೇಕೆ

ಲೋಕದ ಮೈ ಇನ್ನೂ ಹಸಿಯಾಗಿತ್ತು. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಿದ್ದವು ಬೆಟ್ಟಗಳು. ಆಗಿನ ಕಥೆ ಇದು. ನನ್ನ ಸಿಳ್ಳೆ ಕೇಳಿದರೆ ಏಳೂರ ನಾಯಿಗಳು ಬಾಲ ಅಲ್ಲಾಡಿಸುತ್ತವೆ. ನಾಯಿಯ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವನು ಸಿಕ್ಕರೆ ಕರೆತನ್ನಿ, ನೋಡೋಣ.

ಆಗ ನಾಯಿ ಮೈ ಕೆರೆದುಕೊಳ್ಳುತ್ತಿರಲಿಲ್ಲ. ಕುರುಬರ ಮಾಳಿಂಗನ ಕುರಿಹಟ್ಟಿಯೊಳಗೆ, ಅವನ ಕಾಲ ಬಳಿ ಮಲಗುತ್ತಿತ್ತು. ಆ ಕಾಲಿನ ಬಿಸಿ ಇಲ್ಲದೆ ಅದಕ್ಕೆ ನಿದ್ದೆಯೇ ಇಲ್ಲ.

ಮಳೆಗಾಲ ಕಳೆದು ಹುಲ್ಲು ಹೂ ಬಿಟ್ಟಿತು. "ಗಾಳಿಯಣ್ಣ, ನನ್ನ ಹೂಧೂಳು ಹೊತ್ತುಕೊಂಡು ಹೋಗಪ್ಪ" ಎಂದಿತು.

"ಎಲ್ಲಿ ಬೀಳುತ್ತೋ ನಾ ಕಾಣೆ" ಎಂದಿತು ಗಾಳಿ.

"ಬಿದ್ದಲ್ಲಿ ಬೀಳಲಿ ಬಿಡು."

ಧೂಳು ನಾಯಿಯ ಹೊಟ್ಟೆಗೆ, ಕಿವಿಗೆ, ಬೆರಳ ಸಂದಿಗೆ ಬಿತ್ತು. ತುರಿಕೆ ಹತ್ತಿತು. ಕೆರೆಯಿತು, ನೆಕ್ಕಿತು; ಮತ್ತೆ ಕೆರೆಯಿತು, ಮತ್ತೆ ನೆಕ್ಕಿತು. ಹೊಟ್ಟೆ ಕೆಂಪಾಯಿತು.

ಕುರುಬರಲ್ಲಿ ಒಂದು ಕಟ್ಟಳೆ: ಮೈ ಕೆರೆಯುವ ಕುರಿಯನ್ನು ಅಂದೇ ಹಟ್ಟಿಯಿಂದ ಆಚೆ ಹಾಕಬೇಕು. ಒಂದರ ಕಜ್ಜಿ ನೂರಕ್ಕೆ ಹತ್ತುತ್ತದೆ. ಮಾಳಿಂಗ ಆ ಕಟ್ಟಳೆಯನ್ನೇ ನಾಯಿಗೂ ಹಾಕಿದ.

"ಯಜಮಾನ, ಇದು ಕಜ್ಜಿಯಲ್ಲ. ಹುಲ್ಲಿಗೆ ಹೋಗಿ ಬಂದರೆ ಹೆಚ್ಚಾಗ್ತದೆ" ಎಂದಿತು ನಾಯಿ.

"ಹತ್ತಿಸಿಕೊಂಡವರೆಲ್ಲ ಹೀಗೇ ಹೇಳೋದು. ನಡಿ ಆಚೆ."

ಆಚೆ ಅಂದರೆ ಎಲ್ಲಿ? ಅದೇ ಹುಲ್ಲಿನಲ್ಲಿ. ಏಳು ದಿನ ನಾಯಿ ಅಲ್ಲೇ ಬಿದ್ದಿತ್ತು. ಕಿವಿಯ ಹಿಂದೆ ರಕ್ತ ಒಸರಿತು. ಬೇಲಿ ಸಂದಿಗೆ ಮೂತಿಯಿಟ್ಟು ಅಳುತ್ತಿತ್ತು. ಒಳಗೆ ಮಾಳಿಂಗ ಮಗ್ಗುಲು ಬದಲಿಸುತ್ತಿದ್ದ.

ಎಂಟನೆಯ ದಿನ ಅವನ ತಾಯಿ ಜಕ್ಕವ್ವ ಬುತ್ತಿ ತಂದಳು. ನಾಯಿಯನ್ನು ಮಲಗಿಸಿ ಹೊಟ್ಟೆ ನೋಡಿದಳು, ಬೆರಳ ಸಂದಿ ಬಿಡಿಸಿ ನೋಡಿದಳು.

"ಇದರ ಮೈಗೆ ಮೈ ಹಚ್ಚಿ ಮಲಗಿದ್ದ ಕುರಿಗಳು ಕೆರೀತಾವೇನೋ?"

"ಇಲ್ಲವ್ವ."

"ನೀನು?"

"ನನಗೇನಾಗಿದೆ?"

"ಮತ್ತೆ ಕಜ್ಜಿ ಹೇಗಾಯ್ತೋ? ಹುಲ್ಲು ತಾಗೋ ಜಾಗದಲ್ಲೇ ಕೆಂಪು. ಹುಲ್ಲು ಹೂ ಬಿಟ್ಟ ಮೇಲೇ ಶುರು. ಸಾವಿರ ಕುರಿ ಗುರುತು ಹಿಡೀತೀಯ, ಒಂದು ನಾಯಿಯ ನೋವು ಗುರುತು ಸಿಗಲಿಲ್ಲ ನಿನಗೆ."

ನಾಯಿಯನ್ನು ಹಳ್ಳಕ್ಕೆ ಒಯ್ದಳು. "ತೊಳಿಯವ್ವ" ಎಂದಿತು ಹಳ್ಳ. "ಆದರೆ ಇವತ್ತಿನ ಧೂಳಷ್ಟೇ ನನ್ನ ಕೈಲಾದೀತು. ನಾಳೆಯದು ಗಾಳಿಗೆ ಬಿಟ್ಟದ್ದು."

"ನಾಳೆ ಮತ್ತೆ ತೊಳೀತೀನಿ."

ಪಾದ ತೊಳೆದಳು, ಹೊಟ್ಟೆ ತೊಳೆದಳು, ಬೆರಳ ಸಂದಿ ಒರೆಸಿದಳು. ತಣ್ಣೀರಿಗೆ ತುರಿಕೆ ತಗ್ಗಿತು.

ಮಾಳಿಂಗ ಹಟ್ಟಿಯ ತಡಿಕೆ ಬಾಗಿಲು ಸರಿಸಿದ. "ಬಾರೋ ಒಳಗೆ."

ನಾಯಿ ಬಾಗಿಲವರೆಗೆ ಬಂದು ನಿಂತಿತು. "ಯಜಮಾನ, ನಾಳೆ ನಾನು ಮತ್ತೆ ಕೆರೆದರೆ?"

ಮಾಳಿಂಗ ತಡಿಕೆಯನ್ನು ತೆರೆದೇ ಇಟ್ಟು ಒಳಗೆ ಹೋದ.

ನಾಯಿ ಬಾಗಿಲಾಚೆಯೇ ಮುದುಡಿ ಮಲಗಿತು. ಹಟ್ಟಿ ಕಾಯುವುದನ್ನು ಬಿಡಲಿಲ್ಲ. ಒಳಗೆ ಮಾತ್ರ ಹೋಗಲಿಲ್ಲ. ಜಕ್ಕವ್ವ ಬದುಕಿರುವವರೆಗೆ ದಿನವೂ ಬಂದು ಅದರ ಪಾದ ತೊಳೆದಳು. ಆಮೇಲೆ ತೊಳೆಯುವವರು ಯಾರೂ ಇರಲಿಲ್ಲ.

ಅದಕ್ಕೇ ಇಂದಿಗೂ ಹುಲ್ಲು ಹೂ ಬಿಡುವ ಕಾಲಕ್ಕೆ ನಾಯಿ ಹೊಸ್ತಿಲಾಚೆ ಮಲಗಿ, ತನ್ನ ಪಾದವನ್ನು ತನ್ನ ನಾಲಿಗೆಯಿಂದಲೇ ತೊಳೆದುಕೊಳ್ಳುತ್ತದೆ. ಒಳಗೆ ಬಾ ಎಂದು ನೀವು ಕರೆದರೂ ಒಂದು ಗಳಿಗೆ ನಿಮ್ಮ ಮುಖ ನೋಡಿ ಯೋಚಿಸುತ್ತದೆ.