ಕರೆ ತಂದವನು

“ಕೇಳಿರಪ್ಪೋ ಕೇಳಿ. ರಾಜಮಾತೆ ನಾಗಲಾಂಬೆಯವರ ಡಯಲ್ ಫೋನು ಮೂಕವಾಗಿದೆ. ಅದಕ್ಕೆ ಕರೆ ತಂದವನಿಗೆ ಅರ್ಧ ರಾಜ್ಯ. ಆದರೆ ಮುಟ್ಟುವ ಮುಂಚೆ ರಾಜಮಾತೆಯ ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ಸಂಜೆಗೆ ತಲೆ ಹೋಗುತ್ತದೆ.”

ಹಂಸಗಿರಿಯಲ್ಲಿ ಹೀಗೆ ಡಂಗುರ ಬಿತ್ತು. ಆದದ್ದಿಷ್ಟು. ಅರಸ ಹಳೇ ತಂತಿಗಳನ್ನೆಲ್ಲ ಕೀಳಿಸಿ ಊರಿಗೆ ಇಂಟರ್ನೆಟ್ಟು ತರಿಸಿದ. ತಾಯಿಯ ಕೋಣೆಯ ಕಪ್ಪು ಫೋನಿನ ನೆನಪು ಆ ಗಡಿಬಿಡಿಯಲ್ಲಿ ಯಾವ ಪುಣ್ಯಾತ್ಮನಿಗೂ ಬರಲಿಲ್ಲ. ಕಡಲಾಚೆ ಮದುವೆಯಾಗಿ ಹೋದ ಮಗಳು ಮುದ್ದಾಂಬೆಯ ದನಿ ಬರುತ್ತಿದ್ದದ್ದು ಅದೊಂದರಲ್ಲೇ. ರಿಪೇರಿಗೆ ಬಂದವರು ಬಿಚ್ಚಿ ನೋಡಿ, ತಲೆ ಕೆರೆದುಕೊಂಡು, ಹೊಸದು ತಗೊಳ್ಳಿ ಎಂದು ಹೇಳಿ ಹೋದರು. ಮುದುಕಿಗೆ ರೇಗಿತು. ಇಂಥ ಫೋನನ್ನೂ ಇಂಟರ್ನೆಟ್ಟಿಗೆ ಹೊಂದಿಸುವ ಪೆಟ್ಟಿಗೆಯೊಂದು ತನ್ನ ಗಂಡನ ಊರಲ್ಲಿದೆ ಅಂತ ಮಗಳು ಹಿಂದೊಮ್ಮೆ ಅದರ ಗುಣ ದೋಷ ಎಲ್ಲ ವಿವರಿಸಿದ್ದಳು. ಆ ಮಾತಿನಿಂದಲೇ ರಾಜಮಾತೆ ಒಗಟು ಹೆಣೆದರು.

ತಿಪ್ಪೇಶಿಗೆ ಅರ್ಧ ರಾಜ್ಯದ ಆಸೆ ಇರಲಿಲ್ಲ ಕಣ್ರೀ. ಅವನು ಬಂದರಿನಲ್ಲಿ ಪರದೇಶದವರಿಗೆ ದುಭಾಷಿ. ಮುದ್ದಾಂಬೆಯ ಸೀಮೆಯಿಂದ ಒಬ್ಬ ಪಂಡಿತ ಅಂಥದೊಂದು ಪೆಟ್ಟಿಗೆ ಹಿಡಿದು ಬಂದಿಳಿದಾಗ, ಅವನ ಮಾತನ್ನು ಕನ್ನಡಕ್ಕೆ ತಿರುಗಿಸಲು ಅರಮನೆಗೆ ಜೊತೆಯಾದ, ಅಷ್ಟೇ.

ರಾಜಮಾತೆ ಫೋನಿನ ಪಕ್ಕದಲ್ಲೇ ಕೂತು ಮೊದಲ ಒಗಟು ಹೇಳಿದರು. “ಒಬ್ಬ ಮುದುಕ, ಒಬ್ಬ ಹುಡುಗ. ಅವನ ಮಾತು ಇವನಿಗೆ ತಿಳಿಯದು, ಇವನದು ಅವನಿಗೆ. ನಡುವೆ ಒಂದು ಕೂತಿದೆ. ಎರಡೂ ಕಡೆಯ ಮಾತು ಹೊರುತ್ತದೆ, ತನ್ನದು ಅಂತ ಒಂದು ಮಾತೂ ಇಲ್ಲ. ಏನದು?”

ಒಬ್ಬ ರಾಜಕುಮಾರ ಮೀಸೆ ತಿರುವಿ, “ಸೊಸೆ” ಎಂದ.

“ಸೊಸೆಗೆ ಮಾತಿಲ್ಲವೇ? ನಮ್ಮ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು ನೀನು,” ಎಂದರು ರಾಜಮಾತೆ. ಅವನನ್ನು ಸೆರೆಮನೆಗೆ ಎಳೆದೊಯ್ದರು. ಸೇತುವೆ ಎಂದ ವರ್ತಕನೂ ಅವನ ಹಿಂದೆಯೇ ಹೋದ.

ಪಂಡಿತ ನಗುತ್ತ ತನ್ನ ಭಾಷೆಯಲ್ಲಿ ಒಂದು ಪದ ಹೇಳಿದ. ನಡುವೆ ನಿಂತು ಇಬ್ಬರನ್ನು ಕೂಡಿಸುವವನು ಅನ್ನುವ ಅರ್ಥ. ತಿಪ್ಪೇಶಿ ತಡಬಡಿಸಿ, “ದಲ್ಲಾಳಿ ಅಂತಾರೆ ತಾಯೀ,” ಎಂದ.

“ದಲ್ಲಾಳಿ ತನ್ನ ಪಾಲು ತಿನ್ನದೆ ಬಿಡುತ್ತಾನೆಯೇ? ತಪ್ಪು.”

ಭಟರು ಪಂಡಿತನ ರಟ್ಟೆ ಹಿಡಿದರು. ಅವನು ಕೂಗಾಡಿದ್ದು ತಿಪ್ಪೇಶಿಯೊಬ್ಬನಿಗೇ ಅರ್ಥವಾಯಿತು. ಅಷ್ಟರಲ್ಲಿ ದಳವಾಯಿ ಡಂಗುರದ ಮಾತಿನಲ್ಲೇ, “ಇನ್ನು ಕರೆ ತಂದವನು ಯಾರು?” ಎಂದ.

ಪಂಡಿತರನ್ನು ಕರೆತಂದವನು ಯಾರು ಅಂತ ವಿಚಾರಣೆ ಶುರುವಾಯಿತೆಂದುಕೊಂಡು, “ನಾನೇ ಸ್ವಾಮಿ, ಕರೆತಂದವನು ನಾನೇ,” ಎಂದುಬಿಟ್ಟ ಬಡಪಾಯಿ. ಹಿಡಿದು ಒಗಟಿನ ಮಣೆಯ ಮೇಲೆ ಕೂರಿಸಿದರು. ಅಲ್ಲ, ನಾನು ಹೇಳಿದ್ದು ಬೇರೆ ಕರೆ ಅಂದರೆ ಕೇಳುವವರು ಯಾರು?

ಮತ್ತೆ ಅದೇ ಒಗಟು ಬಂತು. ತಿಪ್ಪೇಶಿಗೆ ಅಳು ತಡೆಯಲಾಗಲಿಲ್ಲ. “ಎರಡೂ ಕಡೆಯ ಮಾತು ಹೊತ್ತು ನನ್ನದು ಅಂತ ಒಂದು ಮಾತೂ ಆಡದೆ ಕೆಟ್ಟೆನಲ್ಲ ತಾಯೀ. ದುಭಾಷಿಯ ಹಣೆಬರಹವೇ ಇಷ್ಟು.”

“ಸರಿ,” ಎಂದರು ರಾಜಮಾತೆ. “ಹಳೇ ಫೋನಿನ ಮಾತು ಇಂಟರ್ನೆಟ್ಟಿಗೆ ತಿಳಿಯದು. ನಡುವಿನ ಪೆಟ್ಟಿಗೆ ದುಭಾಷಿ.”

ಪಂಡಿತ ಹೇಳಿದ್ದೂ ಅದನ್ನೇ. ಕನ್ನಡಕ್ಕೆ ತರುವಾಗ ಕೆಡಿಸಿದವನು ತಾನು. ತಿಪ್ಪೇಶಿಗೆ ಆಗ ಹೊಳೆಯಿತು.

“ಎರಡನೆಯದು,” ಎಂದರು ರಾಜಮಾತೆ. “ತವರಲ್ಲಿ ಊರೆಲ್ಲ ದೀಪ ಆರಿದರೂ ಬದುಕಿತ್ತು. ಹೊಸ ಮನೆಯಲ್ಲಿ ದೀಪದ ಜೊತೆ ತಾನೂ ಸಾಯುತ್ತದೆ. ಯಾಕೆ?”

“ದಾರಿಯಲ್ಲಿ ಪಂಡಿತರು ಹೇಳುತ್ತಿದ್ದರು ತಾಯೀ. ಹಳೇ ತಂತಿಯಲ್ಲೇ ಫೋನಿಗೆ ಬೇಕಾದ ಕರೆಂಟು ಬರುತ್ತಿತ್ತಂತೆ. ಪೆಟ್ಟಿಗೆಗೆ ಮನೆಯ ಕರೆಂಟೇ ಗತಿಯಂತೆ. ಇದು ನನ್ನ ಮಾತಲ್ಲ, ಅವರದು.”

“ಅದೂ ಸರಿ. ಮೂರನೆಯದು. ಕರೆದರೆ ಓಗೊಡುತ್ತದೆ, ತಾನಾಗಿ ಯಾರನ್ನೂ ಕರೆಯಲಾರದು. ಏನದು?”

ಇದನ್ನು ಪಂಡಿತ ಹೇಳಿರಲಿಲ್ಲ. ಎರವಲು ಮಾತು ಮುಗಿದುಹೋಗಿತ್ತು. ತಿಪ್ಪೇಶಿ ದಿಕ್ಕುಗಾಣದೆ ಮುದುಕಿಯ ಮುಖ ನೋಡಿದ. ಅವರ ಬೆರಳು ಮೂಕ ಫೋನಿನ ಡಯಲನ್ನು ಸುಮ್ಮನೆ ತಿರುಗಿಸುತ್ತಿತ್ತು. “ನೀವೇ ತಾಯೀ,” ಎಂದ.

ದಳವಾಯಿ ಕತ್ತಿಗೆ ಕೈ ಹಾಕಿದ. ರಾಜಮಾತೆ ತಡೆದರು.

“ನಾನು ಎಣಿಸಿದ್ದು ಈ ಫೋನನ್ನು. ಇದರ ಡಯಲು ತಿರುಗಿ ಟಕಟಕ ಅನ್ನುವುದು ಆ ಪೆಟ್ಟಿಗೆಗೆ ಅರ್ಥವಾಗದಂತೆ. ಬಂದ ಕರೆ ಕೇಳಿಸುತ್ತದೆ, ಇಲ್ಲಿಂದ ಹೋಗುವುದಿಲ್ಲ.” ಡಯಲಿನಿಂದ ಬೆರಳು ತೆಗೆದರು. “ಆದರೆ ನನಗೂ ಅಳಿಯನ ಕಟ್ಟಪ್ಪಣೆ ಇದೆ. ಮಗಳು ಮಾಡಿದರೆ ಮಾತಾಡಬೇಕು, ನಾನಾಗಿ ಮಾಡಕೂಡದು, ಅವರ ಹೊಸಿಲು ತುಳಿಯಕೂಡದು. ನೀನು ಹೇಳಿದ್ದೇ ಸರಿ. ಅರ್ಧ ರಾಜ್ಯ ತಗೋ.”

“ಅರ್ಧ ರಾಜ್ಯ ಬೇಡ ತಾಯೀ, ಪಂಡಿತರ ತಲೆ ಕೊಡಿ,” ಎಂದವನು ಗಾಬರಿಯಾಗಿ, “ಕುತ್ತಿಗೆ ಮೇಲೆ ಇದ್ದ ಹಾಗೇ ಕೊಡಿ. ಉಳಿದವರದ್ದೂ ಹಾಗೇ,” ಎಂದು ಸೇರಿಸಿದ. ಈ ಸಲ ಮಾತು ಕೆಡಬಾರದಲ್ಲ.

ಎಲ್ಲರ ತಲೆ ಉಳಿಯಿತು. ಪಂಡಿತ ಗೊಣಗುತ್ತಲೇ ಫೋನಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಜೋಡಿಸಿ, ಹಳೇ ನಂಬರನ್ನೇ ಅದಕ್ಕೆ ಕೊಟ್ಟ. ಹಸಿರು ದೀಪ ಹತ್ತಿತು. ರಾಜಮಾತೆ ತಿಪ್ಪೇಶಿಗೆ ಅರಮನೆಯಲ್ಲೇ ಮನೆ ಕೊಟ್ಟು ಉಳಿಸಿಕೊಂಡರು. ಮಗಳು ಮತ್ತೊಮ್ಮೆ ಪ್ರಯತ್ನಿಸುವವರೆಗೆ ಕಾಯುವುದಷ್ಟೇ ಉಳಿದಿತ್ತು, ಎಲ್ಲರೂ ಕಾದರು.

ಕೊನೆಗೊಂದು ಮಧ್ಯಾಹ್ನ ಫೋನು ಟ್ರಿಣ್ ಟ್ರಿಣ್ ಎಂದಿತು. ರಾಜಮಾತೆ ಎತ್ತಿ ಕಿವಿಗಿಟ್ಟುಕೊಂಡರು, ಅವರ ಮುಖ ಅರಳಿತು, ಆಮೇಲೆ ಬಾಡಿತು. “ಮುದ್ದಾಂಬೆಯ ಮಗು. ನಮ್ಮ ಭಾಷೆ ಕಲಿಸಿಯೇ ಇಲ್ಲ. ಏನಂತೆ ನೋಡು,” ಎಂದು ರಿಸೀವರು ಕೊಟ್ಟರು.

ತಿಪ್ಪೇಶಿ ಕೇಳಿಸಿಕೊಂಡ. “ಅಜ್ಜಿ, ಯಾವಾಗ ಬರ್ತೀಯ ಅಂತ ಕೇಳ್ತಿದೆ ತಾಯೀ.”

ರಾಜಮಾತೆ ಸೆರಗನ್ನು ಬಾಯಿಗೊತ್ತಿಕೊಂಡರು. “ಬೇಸಿಗೆಗೆ ಬರ್ತೀನಿ ಅಂತ ಹೇಳು.”

ಅಳಿಯನ ಅಪ್ಪಣೆ ಇರುವಾಗ ಅದು ಆಗದ ಮಾತೆಂದು ತಿಪ್ಪೇಶಿಗೆ ಗೊತ್ತು. ಹೇಳದೆ ಬೇರೆ ದಾರಿ ಇರಲಿಲ್ಲ, ಒಂದಕ್ಷರ ಆಚೀಚೆಯಾಗದಂತೆ ಹೇಳಿದ.

“ಏನಂತೆ?” ಎಂದರು ರಾಜಮಾತೆ.

“ಕಾಯ್ತೀನಿ ಅಂತೆ ತಾಯೀ.”